ಬೂದು ಇಂಕುಗಳ ಫೋಟೊ: ಕಣ್ಣಿಗೆ ಬೇರೆ ಬೇರೆ, ಫೋನಿನಲ್ಲಿ ಎಲ್ಲಾ ಒಂದೇ. ಏನು ಮಾಡೋದು?

ಮಸಿಕುಡಿಕೆ
ನಮಸ್ಕಾರ ಎಲ್ರಿಗೂ. ಫೌಂಟನ್ ಪೆನ್ನಿನ ಬೂದು ಇಂಕಿನ ಹುಚ್ಚು ಹಿಡಿಸಿಕೊಂಡವರು ಇಲ್ಲಿ ತುಂಬಾ ಜನ ಇದ್ದೀರಿ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ. ನನ್ನ ಹತ್ರ ಪೈಲಟ್ ಇರೋಶಿಜುಕು ಸರಣಿಯ ಫುಯು-ಶೋಗುನ್ ಮತ್ತು ಕಿರಿ-ಸಾಮೆ, ಡಯಮೈನ್ ಗ್ರಾಫೈಟ್, ಜೆ. ಹರ್ಬಿನ್ ಗ್ರಿ ನುವಾಜ್ ಇವೆ. ಹಾಳೆ ಮೇಲೆ ಪಕ್ಕಪಕ್ಕ ಬರೆದ್ರೆ ಯಾವುದು ಯಾವುದು ಅಂತ ಯಾರು ಬೇಕಾದ್ರೂ ಹೇಳಬಹುದು. ಫುಯು-ಶೋಗುನ್ ನೀಲಿ ಕಡೆ ವಾಲುತ್ತೆ. ಗ್ರಾಫೈಟ್‌ನಲ್ಲಿ ಹಸಿರು ಛಾಯೆ ಇದೆ. ಗ್ರಿ ನುವಾಜ್ ಪೆನ್ಸಿಲ್ ಗೀಟಿನಷ್ಟು ತೆಳು.

ಫೋನಿನಲ್ಲಿ ತೆಗೆದ ತಕ್ಷಣ ಇದೆಲ್ಲಾ ಮಾಯ. ಟ್ಯೂಬ್‌ಲೈಟ್ ಕೆಳಗೆ ಎಲ್ಲವೂ ಹಸಿರು, ಕಿಟಕಿ ಹತ್ರ ಎಲ್ಲವೂ ನೀಲಿ, ಸಂಜೆ ಹಳದಿ ಬಲ್ಬಿನಡಿ ಕಿರಿ-ಸಾಮೆ ನೇರಳೆ. ಬಿಳಿ ಹಾಳೆಯೂ ಬೂದಾಗಿ ಕಾಣುತ್ತೆ. ಶಿವಮೊಗ್ಗದ ಗೆಳತಿ ಒಂದು ಬಾಟಲಿ ಕೊಳ್ಳಬೇಕು, ನನ್ನ ಫೋಟೊ ನೋಡಿ ಆರಿಸ್ತೀನಿ ಅಂತ ಕಾದಿದ್ದಾಳೆ. ಇರೋಶಿಜುಕು ಸುಮ್ಮನೆ ಕೊಂಡು ನೋಡೋ ಬೆಲೆಯದ್ದಲ್ಲ. ದೊಡ್ಡ ಕ್ಯಾಮೆರಾ ಇಲ್ಲ, ಫೋನ್ ಮಾತ್ರ. ದಾರಿ ಹೇಳಿ.

ನಿಬ್ಬುನಂಟು
ಮೋಡದ ದಿನ, ಕಿಟಕಿ ಪಕ್ಕ, ಫ್ಲ್ಯಾಶ್ ಆಫ್. ಅಷ್ಟೇ.

ಸಾಧನಕೇರಿ
ಅಷ್ಟಕ್ಕ ಮುಗಿಯಂಗಿಲ್ರಿ. ಮೋಡದ ಬೆಳಕು ಮೆತ್ತಗ ಇರ್ತದ, ನೆರಳು ಬೀಳಂಗಿಲ್ಲ, ಅದು ಖರೆ. ಆದ್ರ ಅದರ ಬಣ್ಣ ನೀಲಿ. ಕೆಂಪು ಇಂಕಾದ್ರ ನಡೀತದ, ಸ್ವಲ್ಪ ನೀಲಿ ಕೂಡಿದ್ರೂ ಕೆಂಪು ಕೆಂಪೇ. ಬೂದು ಇಂಕಿನ್ಯಾಗ ಇರೋದೇ ಒಂದು ಚೂರು ಛಾಯೆ, ಬೆಳಕಿನ ಬಣ್ಣ ಅದನ್ನ ನುಂಗಿಬಿಡ್ತದ. ಮತ್ತ ನಿಮ್ಮ ಖೋಲ್ಯಾಗಿನ ಗೋಡೆ ಬಣ್ಣ ಯಾವುದು ಹೇಳ್ರಿ ಮೊದಲ. ನಮ್ಮ ಮನ್ಯಾಗ ಗಿಳಿಹಸಿರು ಗೋಡೆ. ಅದರ ಬಾಜು ಇಟ್ಟು ತೆಗೆದ್ರ ಎಂಥಾ ಬಿಳಿ ಹಾಳಿನೂ ಹಸಿರು ಹೊಡೀತದ.

ಬೆಳಕುಗಾರ
ಎರಡು ತೊಂದರೆ ಕಲೆತುಕೊಂಡಿವೆ, ಬಿಡಿಸಿ ನೋಡೋಣ.

ಮೊದಲನೆಯದು, ಹಾಳೆ ಬೂದಾಗೋದು. ಎದುರಿಗಿರೋದು ಬಿಳಿ ಹಾಳೆಯೋ ಕರಿ ಕಂಬಳಿಯೋ ಕ್ಯಾಮೆರಾದಲ್ಲಿ ಬೆಳಕು ಅಳೆಯೋ ಮೀಟರ್‌ಗೆ ಗೊತ್ತಿಲ್ಲ. ಸರಾಸರಿಯಲ್ಲಿ ಎಲ್ಲವೂ ನಡುಬೂದು ಅಂತ ಇಟ್ಟುಕೊಂಡು ಲೆಕ್ಕ ಹಾಕುತ್ತೆ. ಮೇಲೆ ಬಿದ್ದ ಬೆಳಕಿನಲ್ಲಿ ಶೇ 18ರಷ್ಟನ್ನ ಹಿಂತಿರುಗಿಸೋ ಕಾರ್ಡನ್ನ ಫೋಟೊಗ್ರಫಿಯವರು ಈ ನಡುಬೂದಿನ ಅಳತೆಗೋಲಾಗಿ ಬಳಸ್ತಾ ಬಂದಿದ್ದಾರೆ. ಚೌಕಟ್ಟಿನ ತುಂಬಾ ಬಿಳಿ ಹಾಳೆ ಇದ್ರೆ ಅದನ್ನೂ ಆ ಮಟ್ಟಕ್ಕೇ ಎಳೆದು ತರುತ್ತೆ. ಈಗಿನ ಫೋನುಗಳು ಸ್ವಲ್ಪ ಜಾಣ, ಆದ್ರೂ ಈ ಚಾಳಿ ಪೂರ್ತಿ ಬಿಟ್ಟಿಲ್ಲ. ಹಾಳೆ ಮೇಲೆ ಬೆರಳು ಒತ್ತಿ ಹಿಡಿಯಿರಿ, ಫೋಕಸ್ಸೂ ಎಕ್ಸ್‌ಪೋಷರ್ರೂ ಲಾಕ್ ಆಗುತ್ತೆ. ಪಕ್ಕದಲ್ಲಿ ಕಾಣೋ ಸೂರ್ಯನ ಗುರುತನ್ನ ಮೇಲಕ್ಕೆ ಎಳೀರಿ, +1ರ ಆಸುಪಾಸು. ಹಾಳೆ ಬೆಳ್ಳಗಾಗಬೇಕು, ಆದ್ರೆ ಅದರ ನಾರು ಕಾಣ್ತಿರಬೇಕು. ನಾರು ಮಾಯವಾಯ್ತು ಅಂದ್ರೆ ಜಾಸ್ತಿಯಾಯ್ತು. ಗ್ರಿ ನುವಾಜ್‌ನಂಥ ತೆಳು ಇಂಕಿನ ಅರ್ಧ ಅದರ ಜೊತೆಗೇ ಹೋಯ್ತು.

ಎರಡನೆಯದು ಬಣ್ಣ. ಆಟೊ ವೈಟ್ ಬ್ಯಾಲೆನ್ಸ್ ಅನ್ನೋದು ಚೌಕಟ್ಟಿನಲ್ಲಿ ಬಣ್ಣ ಇಲ್ಲದ ವಸ್ತು ಯಾವುದು ಅಂತ ಊಹೆ ಮಾಡಿ, ಅದರ ಆಧಾರದ ಮೇಲೆ ಉಳಿದದ್ದನ್ನ ತಿದ್ದುತ್ತೆ. ನೀವು ತೋರಿಸ್ತಿರೋದೇ ಬೂದು. ಫೋನು ಫುಯು-ಶೋಗುನ್ನನ್ನೇ ಬಣ್ಣ ಇಲ್ಲದ್ದು ಅಂತ ಹಿಡಿದು, ಅದರೊಳಗಿನ ನೀಲಿಯನ್ನ ತೊಳೆದು ಹಾಕುತ್ತೆ. ನೀವು ತೋರಿಸಬೇಕು ಅಂತಿದ್ದದ್ದು ಅದನ್ನೇ! ಫೋನಿನ ಕ್ಯಾಮೆರಾದಲ್ಲಿ ಪ್ರೊ ಮೋಡ್ ಇದ್ರೆ ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಕೈಯಾರೆ ಇಡಿ. ನೇರ ಬಿಸಿಲಿಗೆ 5500 ಸುಮಾರು, ಮೋಡಕ್ಕೆ 6500ರಿಂದ 7500. ಎಲ್‌ಇಡಿ ಆದ್ರೆ ಡಬ್ಬಿ ಮೇಲೆ ಬರೆದಿರುತ್ತೆ.

ಮಸಿಕುಡಿಕೆ
ಬೆಳಕುಗಾರರೇ, ಸೂರ್ಯನ ಗುರುತು ಎಳೆದಿದ್ದಕ್ಕೆ ಹಾಳೆ ಬೆಳ್ಳಗಾಯ್ತು, ತುಂಬಾ ಥ್ಯಾಂಕ್ಸ್. ಸಾಧನಕೇರಿಯವರೇ, ಗೋಡೆ ಕೆನೆ ಬಣ್ಣ. ಕೆಲ್ವಿನ್ ಮಾತ್ರ ಎಷ್ಟಿಡಬೇಕು ಅಂತ ಕಣ್ಣಳತೆಯಲ್ಲಿ ಗೊತ್ತಾಗ್ತಿಲ್ಲ. 6500ಕ್ಕೂ 7000ಕ್ಕೂ ನಡುವೆ ಕಿರಿ-ಸಾಮೆ ಬೇರೆ ಇಂಕೇ ಆಗಿಬಿಡುತ್ತೆ.

ರೂಲುಕಡ್ಡಿ
ಕೆಲ್ವಿನ್ ಊಹೆ ಮಾಡ್ಕೊಂಡು ಯಾಕೆ ಒದ್ದಾಡ್ತೀರಿ. ಗ್ರೇ ಕಾರ್ಡ್ (ಬೆಳಕುಗಾರರು ಹೇಳಿದ ಆ ನಡುಬೂದು ಕಾರ್ಡು) ಒಂದು ಮೂಲೆಯಲ್ಲಿಟ್ಟು ತೆಗೀರಿ. ಆಮೇಲೆ ಎಡಿಟ್ ಮಾಡೋ ಆ್ಯಪ್‌ನಲ್ಲಿ ವೈಟ್ ಬ್ಯಾಲೆನ್ಸ್ ತಿದ್ದೋ ಡ್ರಾಪರ್ ತಗೊಂಡು ಆ ಕಾರ್ಡಿನ ಮೇಲೆ ಒತ್ತಿದ್ರೆ ಆಯ್ತು, ಬೆಳಕು ಯಾವ ಬಣ್ಣದ್ದಿದ್ರೂ ಹಿಡಿತಕ್ಕೆ ಬರುತ್ತೆ. ಫೋನ್ ರಾ ಫೈಲ್ (ಬಣ್ಣ ತಿದ್ದೋಕೆ ಮುಂಚಿನ ಫೋಟೊ) ಕೊಟ್ರೆ ಇನ್ನೂ ಒಳ್ಳೇದು. ಕಾರ್ಡಿಗೆ ದುಡ್ಡು ಹಾಕೋಕೆ ಇಷ್ಟ ಇಲ್ಲ ಅಂದ್ರೆ ಬಿಳಿ ಹಾಳೆ ಮೇಲೇ ಒತ್ತಿ.

ರಸಾಯನಮೇಷ್ಟ್ರು
ಬಿಳಿ ಹಾಳೆ ಮೇಲೆ ಒತ್ತಬೇಡಿ! ಜೆರಾಕ್ಸ್ ಹಾಳೆಗೆ ಬೆಳ್ಳಗೆ ಕಾಣಲಿ ಅಂತ ಹೊಳಪುಕಾರಕ ಹಾಕಿರ್ತಾರೆ. ಅದು ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನ ಹೀರಿ ನೀಲಿ ಬೆಳಕಾಗಿ ಹೊರಹಾಕುತ್ತೆ. ಕಿಟಕಿ ಪಕ್ಕ ನೇರಳಾತೀತ ಬೆಳಕು ಸಾಕಷ್ಟಿರುತ್ತೆ, ಮನೆಯ ಎಲ್‌ಇಡಿಯಲ್ಲಿ ಹೆಚ್ಚುಕಮ್ಮಿ ಇರೋದೇ ಇಲ್ಲ. ಅಂದ್ರೆ ಅದೇ ಹಾಳೆ ಎರಡು ಜಾಗದಲ್ಲಿ ಎರಡು ಥರದ ಬಿಳಿ. ಅದರ ಮೇಲೆ ಡ್ರಾಪರ್ ಒತ್ತಿದ್ರೆ ಹಾಳೆಯ ನೀಲಿ ಕಳೆಯೋಕೆ ಹೋಗಿ ಇಂಕುಗಳನ್ನೆಲ್ಲ ಹಳದಿ ಕಡೆ ತಳ್ಳುತ್ತೆ. ಕೆನೆ ಬಣ್ಣದ ಹಾಳೆಯಲ್ಲಿ ತೊಂದರೆ ಉಲ್ಟಾ: ಹಾಳೆಯೇ ಹಳದಿ, ಒತ್ತಿದ್ರೆ ಇಂಕು ನೀಲಿಯಾಗುತ್ತೆ. ಗ್ರೇ ಕಾರ್ಡೇ ಬೇಕು.

ಹಳೇಹೀರೊ
ಎಡಿಟ್ ಮಾಡಿದ ಮೇಲೆ ಅದು ಫೋಟೊ ಅಲ್ಲ, ಚಿತ್ರ ಬರೆದ ಹಾಗೆ. ಇಂಕು ಹೆಂಗಿದೆಯೋ ಹಂಗೆ ತೋರಿಸಿ.

ಬೆಳಕುಗಾರ
ಎಡಿಟ್ ಮಾಡದ ಫೋಟೊ ಫೋನಿನಿಂದ ಬರೋದೇ ಇಲ್ಲ ಸಾರ್. ನೀವು ಬಟನ್ ಒತ್ತಿದ ಕೂಡಲೇ ಫೋನು ಹಲವು ಫ್ರೇಮ್ ಹಿಡಿದು ಬೆರೆಸುತ್ತೆ, ನೆರಳನ್ನ ಎತ್ತುತ್ತೆ, ಅಂಚು ಚೂಪು ಮಾಡುತ್ತೆ, ಬಣ್ಣ ಏರಿಸುತ್ತೆ. ಅಷ್ಟೆಲ್ಲ ಆದ ಮೇಲೆ ನಿಮ್ಮ ಕಣ್ಣಿಗೆ ಬೀಳೋದು. ನಾವು ಕಾರ್ಡ್ ಇಟ್ಟು ತಿದ್ದೋದು ಅದನ್ನ ನಿಜದ ಹತ್ತಿರ ವಾಪಸ್ ತರೋಕೆ.

ಹಳೇಹೀರೊ
ಸರಿ, ಅಷ್ಟು ಒಪ್ಪಿದೆ. ಆದ್ರೆ ಜನ ಅಲ್ಲಿಗೇ ನಿಲ್ಲಿಸಲ್ಲ. ಚೆಂದ ಕಾಣಲಿ ಅಂತ ಬಣ್ಣ ಏರಿಸಿ ಹಾಕ್ತಾರೆ. ಅದನ್ನ ನಂಬಿ ನೇರಳೆ-ಬೂದು ಅಂತ ತರಿಸಿದ ಬಾಟಲಿ ಬರೀ ಬೂದಾಗಿ ಬಂದು ನನ್ನ ಕಪಾಟಿನಲ್ಲಿ ಕೂತಿದೆ. ಕಾರ್ಡಿನ ಮೇಲೆ ತಿದ್ದಿದ್ರೆ ಹಂಗಂತ ಬರೀಬೇಕು, ಕಾರ್ಡೂ ಫೋಟೊದಲ್ಲಿ ಕಾಣಬೇಕು, ಕತ್ತರಿಸಿ ಹಾಕಬಾರದು. ಇಷ್ಟು ಮಾಡಿದ್ರೆ ನನ್ನ ತಕರಾರಿಲ್ಲ.

ರೂಲುಕಡ್ಡಿ
ನನ್ನದೂ ಅದೇ ಮಾತು. ಕಾರ್ಡ್ ಕಾಣದ ಹೋಲಿಕೆ ಫೋಟೊ ನಾನೂ ಈಗ ನಂಬೋದಿಲ್ಲ.

ಲೇಖನಿಲತಾ
ಎಲ್ಲರೂ ಬೆಳಕಿನ ಬಗ್ಗೆನೇ ಹೇಳ್ತಿದ್ದೀರಿ. ಏನನ್ನ ಫೋಟೊ ತೆಗೀತಿದ್ದೀರಿ ಅನ್ನೋದೂ ಮುಖ್ಯ ಅಲ್ವಾ? ಹತ್ತಿಯ ಇಯರ್‌ಬಡ್‌ ಅದ್ದಿ ಎಳೆದ ಪಟ್ಟಿ ನೋಡಿ ಬೂದು ಇಂಕು ಕೊಳ್ಳಬಾರದು. ಪಟ್ಟಿಯಲ್ಲಿ ಬೀಳೋ ಇಂಕು ನಿಬ್ಬಿನಿಂದ ಇಳಿಯೋ ಇಂಕಿಗಿಂತ ಎಷ್ಟೋ ಹೆಚ್ಚು. ಕಿರಿ-ಸಾಮೆ ಪಟ್ಟಿಯಲ್ಲಿ ಒಳ್ಳೇ ಸ್ಲೇಟು ಕಲ್ಲಿನ ಬಣ್ಣ, ಜಪಾನಿ ಎಕ್ಸ್‌ಟ್ರಾ ಫೈನ್ ನಿಬ್ಬಿನಲ್ಲಿ ಅದೇ ಇಂಕು ಓದೋಕೆ ಕಣ್ಣು ಕಿರಿದು ಮಾಡಬೇಕು. ಅದೇ ಇಂಕನ್ನ ಧಾರಾಳವಾಗಿ ಹರಿಯೋ ನಮ್ಮ ಎಬೊನೈಟ್ (ಗಟ್ಟಿ ರಬ್ಬರಿನ) ಐಡ್ರಾಪರ್ ಪೆನ್ನಿಗೆ, ಅಂದ್ರೆ ಕೊಳವೆಗೇ ಇಂಕು ಸುರಿಯೋ ಪೆನ್ನಿಗೆ, ತುಂಬಿದ್ರೆ ಎರಡು ಮೆಟ್ಟಿಲು ಗಾಢ.

ನಾನು ಮಾಡೋದು ಹೀಗೆ. ಒಂದೇ ಗಾಜಿನ ಡಿಪ್ ಪೆನ್ (ಇಂಕಿನಲ್ಲಿ ಅದ್ದಿ ಬರೆಯೋದು), ಒಂದು ಇಂಕಿಂದ ಇನ್ನೊಂದಕ್ಕೆ ಹೋಗೋವಾಗ ತೊಳೆದು ಒರೆಸೋದು. ಅದೇ ವಾಕ್ಯ ಎಲ್ಲಾ ಇಂಕಿನಲ್ಲೂ. ‘ಳ’, ‘ಕ್ಷ’, ‘ಞ’ ಇರೋ ವಾಕ್ಯ ತಗೊಳ್ಳಿ, ಕನ್ನಡದ ಈ ಸುತ್ತುಗಳಲ್ಲಿ ಗೆರೆ ಮುಗಿಯೋ ಜಾಗಕ್ಕೆ ಇಂಕು ಬಂದು ನಿಲ್ಲುತ್ತೆ, ಶೇಡಿಂಗ್ (ಒಂದೇ ಗೆರೆಯಲ್ಲಿ ತೆಳು-ಗಾಢ) ಅಲ್ಲೇ ಕಾಣೋದು. ‘ಳ’ದ ಕೊನೇ ತಿರುವಿನಲ್ಲಿ ಗ್ರಾಫೈಟ್ ಹೆಚ್ಚುಕಮ್ಮಿ ಕಪ್ಪು, ಶುರುವಿನಲ್ಲಿ ಹಸಿರು-ಬೂದು. ಇದನ್ನ ಯಾವ ಪಟ್ಟಿಯೂ ತೋರಿಸಲ್ಲ. ಮತ್ತೆ ಪೂರ್ತಿ ಒಣಗಿದ ಮೇಲೇ ಫೋಟೊ, ಹಸಿ ಇಂಕು ಹೊಳೆಯುತ್ತೆ, ಬಣ್ಣವೂ ಬೇರೆ.

ನಿಬ್ಬುನಂಟು
ಡಿಪ್ ಪೆನ್ನೂ ಸುಳ್ಳೇ ಹೇಳುತ್ತೆ. ಅದ್ದಿದ ಕೂಡಲೇ ಬರೆದ ಪದ ಗಾಢ, ನಾಲ್ಕು ಪದ ಆದ ಮೇಲೆ ತೆಳು. ಪ್ರತಿ ಇಂಕಿಗೂ ಒಂದೊಂದು ಪ್ಲಾಟಿನಂ ಪ್ರೆಪ್ಪಿ 03 ಪೆನ್ ಇಟ್ಕೊಳ್ಳಿ, ಕಡಿಮೆ ಬೆಲೆ, ನಿಬ್ಬು ನಿಬ್ಬಿಗೂ ಹೆಚ್ಚು ವ್ಯತ್ಯಾಸ ಇಲ್ಲ.

ಲೇಖನಿಲತಾ
ತೆಳುವಾಗೋದೂ ಮಾಹಿತಿನೇ. ಎಲ್ಲಾ ಇಂಕೂ ಒಂದೇ ರೀತಿ ತೆಳುವಾಗಲ್ಲ. ಆದ್ರೆ ಪ್ರೆಪ್ಪಿ ಸಲಹೆ ಒಳ್ಳೇದು.

ರಸಾಯನಮೇಷ್ಟ್ರು
ಬೂದು ಇಂಕಿಗೇ ಯಾಕೆ ಇಷ್ಟು ಕಾಟ ಅಂದ್ರೆ, ಬೂದು ಅನ್ನೋ ಒಂದು ಬಣ್ಣದ್ರವ್ಯ ಬಾಟಲಿಯಲ್ಲಿ ಇರೋದಿಲ್ಲ. ಸಾಮಾನ್ಯವಾಗಿ ನೀಲಿ, ಕೆಂಪು, ಹಳದಿ ಡೈಗಳನ್ನ (ನೀರಿನಲ್ಲಿ ಕರಗೋ ಬಣ್ಣಗಳನ್ನ) ಹದವಾಗಿ ಬೆರೆಸಿ ಒಂದನ್ನೊಂದು ಕೊಲ್ಲೋ ಹಾಗೆ ಮಾಡಿರ್ತಾರೆ. ಮಕ್ಕಳಿಗೆ ಕ್ಲಾಸಿನಲ್ಲಿ ತೋರಿಸ್ತೀನಿ: ಫಿಲ್ಟರ್ ಪೇಪರಿನ ಪಟ್ಟಿ, ತಳದಿಂದ ಒಂದು ಬೆರಳು ಮೇಲೆ ಇಂಕಿನ ಚುಕ್ಕಿ, ಪಟ್ಟಿಯ ತುದಿ ಮಾತ್ರ ನೀರಿನಲ್ಲಿ. ನೀರು ಮೇಲೇರ್ತಾ ಡೈಗಳನ್ನ ಎಳೆದುಕೊಂಡು ಹೋಗುತ್ತೆ, ಯಾವುದು ಹಾಳೆಗೆ ಹೆಚ್ಚು ಅಂಟುತ್ತೋ ಅದು ಹಿಂದೆ ಉಳಿಯುತ್ತೆ. ಸ್ವಲ್ಪ ಹೊತ್ತಿನಲ್ಲಿ ಆ ಬೂದು ಚುಕ್ಕಿ ಗುಲಾಬಿ, ಆಕಾಶನೀಲಿ, ಹಳದಿ ಗೆರೆಗಳಾಗಿ ಬಿಚ್ಚಿಕೊಳ್ಳುತ್ತೆ. ಸೈಲರ್ ಸ್ಟುಡಿಯೊ 123 ಅನ್ನೋ ಇಂಕು ಒಂದೇ ಪದದಲ್ಲಿ ಗುಲಾಬಿ, ಹಸಿರು, ನೇರಳೆ ತೋರಿಸೋದೂ ಇದೇ ಕಾರಣಕ್ಕೆ. ಇಂಕು ಹೀರದ ಹಾಳೆ ಮೇಲೆ ಡೈಗಳು ಬೇರೆಯಾಗೋಕೆ ಪುರುಸೊತ್ತು ಸಿಗುತ್ತೆ. ಜೆರಾಕ್ಸ್ ಹಾಳೆ ಮೇಲೆ ಬರೆದ್ರೆ ಆ ಆಟ ಇಲ್ಲ.

ಇದರಿಂದಲೇ ಇನ್ನೊಂದು ಪೇಚು. ಕಿಟಕಿ ಬೆಳಕಿನಲ್ಲಿ ಎರಡು ಬೂದು ಒಂದೇ ಥರ ಕಂಡು, ಎಲ್‌ಇಡಿಯಲ್ಲಿ ಬೇರೆಯಾಗಬಹುದು. ಎರಡರ ಡೈ ಬೇರೆ, ಬೆಳಕಿನಲ್ಲಿರೋ ಬಣ್ಣಗಳ ಪಾಲೂ ಬೇರೆ. ಅದಕ್ಕೆ ಹೋಲಿಕೆ ಹಾಕೋವಾಗ ಯಾವ ಬೆಳಕು ಅಂತ ಬರೀರಿ, ಸಾಧ್ಯ ಆದ್ರೆ ಎರಡು ಬೆಳಕಿನಲ್ಲಿ ತೆಗೀರಿ.

ರೈನ್‌ತೀರ
ಮೇಷ್ಟ್ರ ಮಾತಿಗೆ ನನ್ನದೂ ಸಾಕ್ಷಿ. ನಾನಿರೋದು ಜರ್ಮನಿಯಲ್ಲಿ, ಡಿಸೆಂಬರ್ ಅಂದ್ರೆ ಸಂಜೆ ನಾಲ್ಕೂವರೆಗೆ ಕತ್ತಲು. ಕಿಟಕಿ ಬೆಳಕು ನಂಬಿಕೊಂಡ್ರೆ ಶನಿವಾರ ಭಾನುವಾರ ಮಾತ್ರ ಫೋಟೊ. ಅದಕ್ಕೆ ಸಿಆರ್‌ಐ (ದೀಪದಡಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋ ಅಂಕ) 95ರ ಮೇಲಿನ ದೀಪ ತಂದಿಟ್ಟೆ. ಮನೆಯಲ್ಲಿ ಮುಂಚೆ ಇದ್ದ 80ರ ಬಲ್ಬಿನಡಿ ಪೆಲಿಕನ್ ಎಡೆಲ್‌ಸ್ಟೈನ್ ಮೂನ್‌ಸ್ಟೋನ್ (2020ರ ವರ್ಷದ ಇಂಕು) ಮತ್ತು ಫುಯು-ಶೋಗುನ್ ಗುರುತು ಹಿಡಿಯೋಕೇ ಆಗ್ತಿರಲಿಲ್ಲ. ಹೊಸ ದೀಪದ ಕೆಳಗೆ ಎರಡೂ ಬೇರೆ ಬೇರೆ. ಬಲ್ಬ್ ಕೊಳ್ಳೋವಾಗ ಡಬ್ಬಿ ಮೇಲೆ ಸಿಆರ್‌ಐ ನೋಡಿ, 90ರ ಕೆಳಗೆ ಬೇಡ.

ಸಾಧನಕೇರಿ
ದೀಪದ ಮಾತು ಬಂತಲ್ಲ, ಫೋಟೊದಾಗ ಅಡ್ಡ ಪಟ್ಟಿ ಬರ್ತಾವಲ್ರಿ, ಕರಿ-ಬಿಳಿ, ಅದಕ್ಕೇನು ಮಾಡೂದು?

ಬೆಳಕುಗಾರ
ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಕಡಿಮೆ ದರ್ಜೆಯ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತೆ. ಪ್ರೊ ಮೋಡ್‌ನಲ್ಲಿ ಶಟರ್ 1/100 ಅಥವಾ 1/50 ಸೆಕೆಂಡಿಗೆ ಇಡಿ, ಪಟ್ಟಿ ಹೋಗುತ್ತೆ. ಇನ್ನೊಂದು, ಹಾಳೆಗೆ ತೀರಾ ಹತ್ತಿರ ಹೋಗಬೇಡಿ. ಫೋನಿನ ನೆರಳು ಬೀಳುತ್ತೆ. ಸ್ವಲ್ಪ ದೂರ ನಿಂತು 2 ಪಟ್ಟು ಝೂಮ್ ಮಾಡಿ. ಲೆನ್ಸಿನ ಅಂಚಿಗೆ ಬೆಳಕು ಕಮ್ಮಿ, ಹೋಲಿಸೋ ಇಂಕುಗಳೆಲ್ಲ ನಡುವೆ ಇರಲಿ.

ರೂಲುಕಡ್ಡಿ
ನನ್ನದೊಂದು ಪರೀಕ್ಷೆ: ಒಂದು ಫೋಟೊ ತೆಗೆದು, ಹಾಳೆಯನ್ನ ತಲೆಕೆಳಗು ತಿರುಗಿಸಿ ಇನ್ನೊಂದು ತೆಗೀರಿ. ಕಿಟಕಿ ಕಡೆಯ ಇಂಕು ಯಾವಾಗ್ಲೂ ತೆಳು, ಒಳಗಡೆಯದ್ದು ಯಾವಾಗ್ಲೂ ಗಾಢ ಅಂತ ಬಂದ್ರೆ ನೀವು ಹೋಲಿಸಿದ್ದು ಇಂಕನ್ನಲ್ಲ, ಬೆಳಕನ್ನ. ಎರಡರಲ್ಲೂ ಅದೇ ಕ್ರಮ ಬಂದ್ರೆ ಸರಿಯಾಗಿದೆ.

ಮಸಿಕುಡಿಕೆ
ಇದು ಭಾರೀ ಚೆನ್ನಾಗಿದೆ! ಈಗಷ್ಟೇ ಮಾಡಿದೆ. ಕಿರಿ-ಸಾಮೆ, ಫುಯು-ಶೋಗುನ್ ಎರಡರ ಗಾಢತೆಯ ಕ್ರಮ ಅದಲು ಬದಲಾಯ್ತು. ಇಷ್ಟು ದಿನ ಫುಯು-ಶೋಗುನ್ ಗಾಢ ಅಂತ ಎಲ್ಲರಿಗೂ ಹೇಳ್ತಿದ್ದದ್ದು ಕಿಟಕಿಯ ಮಹಿಮೆ. ಈಗ ಎದುರುಬದಿಗೆ ಬಿಳಿ ಥರ್ಮೊಕೋಲ್ ನಿಲ್ಲಿಸಿದ್ದೀನಿ, ಬೆಳಕು ಎರಡೂ ಕಡೆ ಸಮ ಆಯ್ತು.

ಅಂಕಿಅಂಶ
ಇಷ್ಟೆಲ್ಲ ಯಾಕೆ? ಕಲರ್ ಪಿಕರ್‌ನಲ್ಲಿ ಕೆಂಪು-ಹಸಿರು-ನೀಲಿ ಸಂಖ್ಯೆ ತೆಗೆದು ಪಟ್ಟಿ ಮಾಡಿ. ಮೂರೂ ಸಮ ಇದ್ರೆ ಶುದ್ಧ ಬೂದು, ನೀಲಿ ಹೆಚ್ಚಿದ್ರೆ ತಣ್ಣನೆ ಬೂದು. ಬಾಯಿಮಾತಿನ ಜಗಳ ಇರಲ್ಲ.

ಲೇಖನಿಲತಾ
ಯಾವ ಜಾಗದ ಸಂಖ್ಯೆ? ‘ಳ’ದ ಶುರುವಿನದ್ದೋ ಕೊನೆಯದ್ದೋ? ಒಂದೇ ಅಕ್ಷರದಲ್ಲಿ ಅಷ್ಟು ಏರಿಳಿತ ಇರೋವಾಗ ಒಂದು ಚುಕ್ಕಿಯ ಸಂಖ್ಯೆಗೆ ಏನು ಅರ್ಥ?

ಅಂಕಿಅಂಶ
ಅಗಲ ಜಾಗದ ಸರಾಸರಿ ತಗೊಳ್ಳಿ. ಅದೇ ಫೋಟೊದ ಖಾಲಿ ಹಾಳೆಯ ಸಂಖ್ಯೆಯನ್ನೂ ಪಕ್ಕದಲ್ಲಿ ಕೊಡಿ. ಒಂದೇ ಫೋಟೊದೊಳಗೆ ಹೋಲಿಸೋಕೆ ಇದು ಖಂಡಿತ ಉಪಯೋಗಕ್ಕೆ ಬರುತ್ತೆ. ಬೇರೆಯವರ ಫೋಟೊದ ಸಂಖ್ಯೆ ಜೊತೆ ಹೋಲಿಸಬಾರದು, ಅದನ್ನ ಒಪ್ತೀನಿ.

ಬೆಳಕುಗಾರ
ಹೌದು, ಅಂಕಿಅಂಶ ಅವರ ಕೊನೇ ಸಾಲು ಎಲ್ಲರೂ ನೆನಪಿಟ್ಟುಕೊಳ್ಳಿ. ಒಂದೇ ಚೌಕಟ್ಟು, ಒಂದೇ ಬೆಳಕು, ಒಂದೇ ಹಾಳೆ, ಪಕ್ಕದಲ್ಲಿ ನಮಗೆ ಮೊದಲೇ ಗೊತ್ತಿರೋ ಒಂದು ಇಂಕು. ಫುಯು-ಶೋಗುನ್ ಒಂದನ್ನೇ ತೆಗೆದ ಫೋಟೊದಿಂದ ಅದರ ಬಣ್ಣ ಯಾರಿಗೂ ಗೊತ್ತಾಗಲ್ಲ. ಗ್ರಾಫೈಟ್‌ಗಿಂತ ಎಷ್ಟು ನೀಲಿ ಅಂತ ಕೇಳಿದ್ರೆ ಫೋಟೊ ಸರಿಯಾಗಿ ಹೇಳುತ್ತೆ.

ಹಳೇಹೀರೊ
ಗೊತ್ತಿರೋ ಇಂಕು ಅಂದ್ರೆ ಎಲ್ಲರ ಮನೆಯಲ್ಲೂ ಇರೋದು ಬೇಕು. ಬ್ರಿಲ್ ಕಪ್ಪು ಇಡಿ. ನಮ್ಮ ಮೈಸೂರಿನ ಇಂಕು, ಯಾವ ಸ್ಟೇಷನರಿ ಅಂಗಡಿಯಲ್ಲಿ ಕೇಳಿದ್ರೂ ಪರಿಚಯ ಇತ್ತು. ಹೈಸ್ಕೂಲಿನಲ್ಲಿ ಬಾಟಲಿ ತಳಕ್ಕೆ ಬಂದಾಗ ನೀರು ಸೇರಿಸಿ ಬರೀತಿದ್ವಿ, ನಮ್ಮ ಬೂದು ಇಂಕು ಅದೇ.

ತುಂಗಾತಟ
ಮೈಸೂರು ಇಂಕು ಅಂದ್ರೆ ನನಗೆ ಮೊದಲು ನೆನಪಾಗೋದು ಬೆರಳಿಗೆ ಹಚ್ಚೋದು. ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ, ನಾಲ್ವಡಿಯವರ ಕಾಲದಲ್ಲಿ 1937ರಲ್ಲಿ ಶುರುವಾದದ್ದು. 1962ರ ಚುನಾವಣೆಯಿಂದ ಅಳಿಸಲಾಗದ ಇಂಕು ಅಲ್ಲಿಂದಲೇ.

ರಸಾಯನಮೇಷ್ಟ್ರು
ಅದರಲ್ಲಿರೋದು ಬೆಳ್ಳಿಯ ನೈಟ್ರೇಟ್. ಚರ್ಮದ ಉಪ್ಪಿನ ಜೊತೆ ಸೇರಿ, ಬೆಳಕು ಬಿದ್ದು ಕಪ್ಪಾಗುತ್ತೆ. ಹಳೇ ಕಪ್ಪು-ಬಿಳುಪು ಫೋಟೊ ಕಾಗದವೂ ಬೆಳ್ಳಿಯ ಲವಣಗಳ ಮೇಲೇ ನಿಂತಿತ್ತು. ಪೆನ್ನಿಗೆ ಮಾತ್ರ ಹಾಕಬೇಡಿ ದಯವಿಟ್ಟು.

ನಿಬ್ಬುನಂಟು
ಕಪ್ಪಿಗೆ ನೀರು ಬೆರೆಸಿದ್ರೆ ಬೂದು ಆಗುತ್ತೆ ಅಂದ್ರೆ ದುಡ್ಡು ಕೊಟ್ಟು ಯಾಕೆ ಕೊಳ್ಳೋದು?

ರಸಾಯನಮೇಷ್ಟ್ರು
ಯಾಕಂದ್ರೆ ಡೈ ಕಪ್ಪು ತೆಳುವಾದಾಗ ಒಳಗಿನ ಬಣ್ಣ ಹೊರಗೆ ಬರುತ್ತೆ. ಪಾರ್ಕರ್ ಕ್ವಿಂಕ್ ಕಪ್ಪಿಗೆ ನೀರಿನ ಬ್ರಷ್ ಆಡಿಸಿ ನೋಡಿ, ನೀಲಿ ಒಂದು ಕಡೆ, ಕಂದು-ಹಳದಿ ಇನ್ನೊಂದು ಕಡೆ ಹರಿಯುತ್ತೆ. ಚಿತ್ರ ಬರೆಯೋರು ಅದಕ್ಕೇ ಅದನ್ನ ಇಷ್ಟಪಡ್ತಾರೆ. ನಿಜವಾದ ಬೂದು ಬೇಕಂದ್ರೆ ಇಂಗಾಲದ ಕಣ ಇರೋ ಪ್ಲಾಟಿನಂ ಕಾರ್ಬನ್ ಬ್ಲ್ಯಾಕ್ ಥರದ್ದನ್ನ ಡಿಸ್ಟಿಲ್ಡ್ ನೀರಲ್ಲಿ ತೆಳು ಮಾಡಿ. ಬೇಕಾದಷ್ಟೇ ಮಾಡಿ, ಯಾಕಂದ್ರೆ ನೀರು ಹೆಚ್ಚಿದಷ್ಟೂ ಬೂಸ್ಟು ತಡೆಯೋ ರಾಸಾಯನಿಕದ ಬಲ ಇಳಿಯುತ್ತೆ. ಪೆನ್ನಿನಲ್ಲಿ ಒಣಗೋಕೆ ಬಿಡಬೇಡಿ, ಕಣಗಳು ಫೀಡಿನಲ್ಲಿ (ನಿಬ್ಬಿಗೆ ಇಂಕು ತರೋ ಭಾಗ) ಕೂತ್ರೆ ತೆಗೆಯೋದು ಕಷ್ಟ.

ತುಂಗಾತಟ
ಇಂಗಾಲ ಅಂದ್ರೆ ನಮ್ಮ ಹಳೇ ಕಡತ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಕರಿ ಮಾಡಿ ಬಳಪದಲ್ಲಿ ಬರೀತಿದ್ರು. ತಾತನ ಮನೆಯಲ್ಲಿ ಲೆಕ್ಕ ಬರೆದ ಒಂದು ಮಡಿಕೆ ಇತ್ತು. ಕರಿ ಬಟ್ಟೆ ಮೇಲಿನ ಆ ಮಾಸಿದ ಬಿಳಿ ಈಗ ನೆನೆದ್ರೆ ಪಕ್ಕಾ ಗ್ರಿ ನುವಾಜ್.

ಬ್ಯಾಂಕುಬಾಗಿಲು
ಬೂದು ಇಂಕಿನಲ್ಲಿ ಚೆಕ್ ಬರೆಯೋರಿಗೆ ಒಂದು ಮಾತು. ಸಿಟಿಎಸ್ (ಚೆಕ್ಕಿನ ಬದಲು ಅದರ ಚಿತ್ರ ಕಳಿಸೋ ವ್ಯವಸ್ಥೆ) ಬಂದ ಮೇಲೆ ಕ್ಲಿಯರಿಂಗಿಗೆ ಹೋಗೋದು ಚೆಕ್ಕಿನ ಸ್ಕ್ಯಾನು. ತೆಳು ಬೂದು ಕಪ್ಪು-ಬಿಳುಪು ಸ್ಕ್ಯಾನಿನಲ್ಲಿ ಅರ್ಧ ಅಳಿಸಿಹೋಗುತ್ತೆ. ಸಹಿಗೆ ಗಾಢ ನೀಲಿ, ಕಪ್ಪು ಇರಲಿ. ಬೂದೇ ಬೇಕು ಅಂದ್ರೆ ನೂಡ್ಲರ್ಸ್ ಲೆಕ್ಸಿಂಗ್ಟನ್ ಗ್ರೇ ಡೈರಿಗೆ, ಫಾರ್ಮಿಗೆ ಚೆನ್ನಾಗಿದೆ, ಹಾಳೆಯ ನಾರಿಗೆ ಕಚ್ಚಿಕೊಳ್ಳುತ್ತೆ, ನೀರಿಗೆ ಬಗ್ಗಲ್ಲ.

ಮಸಿಕುಡಿಕೆ
ಗ್ರೇ ಕಾರ್ಡ್ ಇಟ್ಟು, +1 ಮಾಡಿ, ಥರ್ಮೊಕೋಲ್ ನಿಲ್ಲಿಸಿ, ಬ್ರಿಲ್ ಕಪ್ಪು ಪಕ್ಕದಲ್ಲಿ ಬರೆದು ತೆಗೆದೆ. ನನ್ನ ಫೋನಿನಲ್ಲಿ ನಾಲ್ಕೂ ಬೇರೆ ಬೇರೆ ಕಾಣ್ತಿವೆ. ಗೆಳತಿಗೆ ಕಳಿಸಿದ್ರೆ ‘ಎಲ್ಲಾ ಕಂದು ಕಣೇ’ ಅಂತಾಳೆ!

ರೈನ್‌ತೀರ
ಅವರ ಫೋನಿನಲ್ಲಿ ಕಣ್ಣಿಗೆ ತಂಪು ಅಂತ ಹಾಕೋ ಹಳದಿ ಫಿಲ್ಟರ್ ಆನ್ ಇರಬೇಕು. ಆಫ್ ಮಾಡಿಸಿ, ಡಿಸ್‌ಪ್ಲೇ ‘ವಿವಿಡ್’ನಿಂದ ‘ನ್ಯಾಚುರಲ್’ಗೆ ಬದಲಾಯಿಸೋಕೆ ಹೇಳಿ.

ಸಾಧನಕೇರಿ
ನಾ ಒಂದು ಹೇಳಲೇನ್ರಿ? ಶಿವಮೊಗ್ಗ ಏನು ದೂರ. ಬರೆದ ಚೀಟಿನ ಲಕೋಟಿಗೆ ಹಾಕಿ ಐದು ರೂಪಾಯಿ ಸ್ಟಾಂಪ್ ಹಚ್ಚಿ ಒಗೀರಿ. ಪೋಸ್ಟ್ ಕಾರ್ಡ್ ಮ್ಯಾಲೆ ಬರೀಬ್ಯಾಡ್ರಿ, ಇಂಕು ಹರಡ್ತದ.

ಮಸಿಕುಡಿಕೆ
ಫಿಲ್ಟರ್ರೇ ಆಗಿತ್ತು! ಆದ್ರೂ ಚೀಟಿನೂ ಕಳಿಸ್ತೀನಿ. ಅಂದಹಾಗೆ ನಾವು ನಾವೇ ಯಾಕೆ ಚೀಟಿ ಬದಲಾಯಿಸಿಕೊಳ್ಳಬಾರದು? ಫೋಟೊ ಇಲ್ಲಿ ಹಾಕೋದು, ಅದೇ ಚೀಟಿ ಅಂಚೆಯಲ್ಲಿ. ಎರಡನ್ನೂ ಪಕ್ಕ ಇಟ್ಟು ನೋಡಿದ್ರೆ ಯಾರ ಫೋಟೊ ಎಷ್ಟು ಸರಿ ಅಂತ ತಿಳಿಯುತ್ತೆ. ವಿಳಾಸ ಖಾಸಗಿ ಸಂದೇಶದಲ್ಲಿ ಕಳಿಸಿ, ಇಲ್ಲಿ ಹಾಕಬೇಡಿ.

ಲೇಖನಿಲತಾ
ನಾನು ಸೈ. ಎಲ್ಲರೂ ಒಂದೇ ಹಾಳೆ ಬಳಸಿ, 75 ಜಿಎಸ್‌ಎಂ ಜೆರಾಕ್ಸ್ ಒಂದು, ನಯವಾದ ಹಾಳೆ ಒಂದು. ಬಿಸಿಲು ಬೀಳೋ ಜಾಗದಲ್ಲಿ ಇಡಬೇಡಿ, ಡೈ ಇಂಕು ಮಾಸುತ್ತೆ.

ಬ್ಯಾಂಕುಬಾಗಿಲು
ನನ್ನ ಹತ್ರ ಲೆಕ್ಸಿಂಗ್ಟನ್ ಗ್ರೇ, ಡಯಮೈನ್ ಅರ್ಲ್ ಗ್ರೇ ಇವೆ. ಯಾರಿಗೆ ಬೇಕು?

ಹಳೇಹೀರೊ
ಅರ್ಲ್ ಗ್ರೇ ನನಗೆ. ನೇರಳೆ ಇದೆ ಇದೆ ಅಂತ ಎಲ್ಲರೂ ಹೇಳ್ತಾರೆ, ಹಾಳೆ ಮೇಲೇ ನೋಡಬೇಕು. ಮೀಡಿಯಂ ನಿಬ್ಬಿನಲ್ಲಿ ಬರೆದು ಕಳಿಸಿ.